ಒಲೆ ಹಚ್ಚದ ಮನೆಯಲ್ಲಿ ಡಿಕಾಕ್ಷನ್ ವಾಸನೆ

ಕಟ್ಟುಕಥೆಯಾಗಿದ್ದರೆ ಇದರಲ್ಲಿ ನಾನೇ ಹೀರೋ ಆಗಿರುತ್ತಿದ್ದೆ. ಇದರಲ್ಲಿ ನಾನು ಮೊದಲಿನಿಂದ ಕೊನೆಯವರೆಗೂ ತಲೆ ತಗ್ಗಿಸಿಕೊಂಡೇ ಇದ್ದೇನೆ. ಅದಕ್ಕೇ ನಂಬಿ.

ನಾನು ಮಿಮಿಕ್ರಿ ಮಾಡುತ್ತೇನೆ. ಚಾಮರಾಜಪೇಟೆಯ ನಮ್ಮ ಬಳಗದಲ್ಲಿ ಪುರೋಹಿತರಿಂದ ಹಿಡಿದು ಅಡುಗೆಯವರವರೆಗೆ ಯಾರನ್ನೂ ಬಿಟ್ಟಿಲ್ಲ. ನನ್ನ ಗೊರಕೆಯನ್ನೇ ರೆಕಾರ್ಡ್ ಮಾಡಿಕೊಂಡು ಕಲಿತಿದ್ದೇನೆ. ಆದರೆ ಎಲ್ಲರೂ ಕೇಳಿ ಕೇಳಿ ಮಾಡಿಸುತ್ತಿದ್ದುದು ನಂಜುಂಡ ಮಾವನದು. ಮಾವ ರಿಟೈರ್ಡ್ ಬಸ್ ಕಂಡಕ್ಟರ್. ಮನೆಯಲ್ಲೂ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಆಮೇಲೆ ಮೂಗಿನಿಂದ, "ಮುಂದೆ ಬನ್ನಿ, ಮುಂದೆ ಬನ್ನಿ, ಜಾಗ ಖಾಲಿ ಇದೆ" ಎನ್ನುವ ಧಾಟಿಯಲ್ಲೇ ಮಾತು.

ಈ ಮಾವ ಯಾರನ್ನೂ ಕೇಳದೆ ತಮಗೂ ಸರೋಜತ್ತೆಗೂ ಬಾಲಿ ದ್ವೀಪದ ಟೂರ್ ಬುಕ್ ಮಾಡಿಬಿಟ್ಟರು. ಈ ವಯಸ್ಸಿನಲ್ಲಿ ಸಮುದ್ರ ನೋಡಿ ಏನಾಗಬೇಕು ಎಂದು ಅತ್ತೆ ರೇಗಿದರು. ಮರುದಿನ ಬೆಳಿಗ್ಗೆ ವಾಕಿಂಗ್ ಹೋದ ಮಾವ ಪಾರ್ಕಿನ ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ.

ಕೋಪದಲ್ಲೇ ಹೋದರೇನೋ... ಅತ್ತೆಯ ಕೊರಗು ಅದೊಂದೇ. ಟೂರ್ ಕ್ಯಾನ್ಸಲ್ ಮಾಡಲು ಅವರು ಒಪ್ಪಲಿಲ್ಲ. ಮಾವನ ಬದಲು ಅತ್ತೆಯ ತಮ್ಮನ ಮಗನಾದ ನಾನು ಹೊರಟೆ.

ಮೊದಲ ದಿನಗಳು ಚೆನ್ನಾಗಿದ್ದವು. ಬೆಟ್ಟದ ಮೈಗೆ ಮೆಟ್ಟಿಲು ಕಡಿದಂತೆ ಭತ್ತದ ಗದ್ದೆಗಳು, ಗದ್ದೆಯ ಅಂಚಿಗೊಂದು ಪುಟ್ಟ ಗುಡಿ, ಕೆಳಗೆ ಕರೀ ಮರಳಿನ ಕಡಲ ತೀರ. ಅತ್ತೆ ಸೀರೆ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟರು. ಎಲ್ಲಿ ನಿಂತರೂ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತಿದ್ದರು. ನಾನು ಡ್ರೈವರನ್ನೂ ಗೈಡನ್ನೂ ಅನುಕರಿಸಿ ಅವರನ್ನು ನಗಿಸುತ್ತಿದ್ದೆ.

ಬುಕ್ ಮಾಡುವಾಗ ಮಾವ ಒಂದು ವಿಷಯ ಗಮನಿಸಿರಲಿಲ್ಲ. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅಲ್ಲಿಯವರಿಗೂ ಹೊಸ ವರ್ಷ. ಅವತ್ತು ಇಡೀ ದ್ವೀಪ ಮೌನ. ವಿಮಾನವಿಲ್ಲ, ದೀಪವಿಲ್ಲ, ಒಲೆ ಹಚ್ಚುವಂತಿಲ್ಲ, ಯಾರೂ ಹೊರಗೆ ಕಾಲಿಡುವಂತಿಲ್ಲ. ನಾವು ತಂಗಿದ್ದ ಬೆಟ್ಟದ ಮನೆಯ ಯಜಮಾನ ವಾಯಾನ್ ಹಿಂದಿನ ಸಂಜೆಯೇ ಬಂದು ಕೈಮುಗಿದಿದ್ದ. ಗಾಳಿಯಲ್ಲಿ ಅಲೆಯುವವರು ಇಲ್ಲಿ ಯಾರೂ ಇಲ್ಲ ಅಂದುಕೊಂಡು ದಾಟಿ ಹೋಗಬೇಕು, ದಯವಿಟ್ಟು ಗಟ್ಟಿಯಾಗಿ ಮಾತಾಡಬೇಡಿ ಎಂದ. ಅವನು ಬೆನ್ನು ತಿರುಗಿಸುವುದೇ ತಡ, ಅವನ ಆ ಪಿಸುಮಾತನ್ನೂ ಮಿಮಿಕ್ರಿ ಮಾಡಿ ತೋರಿಸಿದೆ.

ಮರುದಿನ ಕತ್ತಲಾಯಿತು. ಅಂಥ ಕತ್ತಲನ್ನು ಬೆಂಗಳೂರಿನವರು ನೋಡಿರುವುದಿಲ್ಲ. ನಾಯಿ ಬೊಗಳಲಿಲ್ಲ. ಎಲ್ಲೋ ಒಂದು ಹಲ್ಲಿ ಲೊಚಗುಟ್ಟಿತು, ಅಷ್ಟೇ. ಅತ್ತೆ ಒಳಗೆ ಮಂಚದ ಮೇಲೆ ಕೂತಿದ್ದರು. ಜಗಲಿಯಲ್ಲಿದ್ದ ನನಗೆ ಬಾಯಿ ಮುಚ್ಚಿಕೊಂಡಿದ್ದು ಸಾಕಾಗಿತ್ತು. ಅವರನ್ನು ನಗಿಸೋಣವೆಂದು ಗಂಟಲು ಸರಿಮಾಡಿಕೊಂಡೆ.

"ಸರೋಜಾ, ಮುಂದೆ ಬಾ, ಮುಂದೆ ಬಾ... ಜಾಗ ಖಾಲಿ ಇದೆ."

ಸತ್ತವರ ದನಿಯಲ್ಲಿ ಆ ಮಾತಿಗೆ ಏನರ್ಥ ಬರುತ್ತದೆ ಎಂಬುದು ಆಡಿದ ಮೇಲೆ ಹೊಳೆಯಿತು. ಒಳಗಿನಿಂದ ನಗು ಬರಲಿಲ್ಲ. ಉಸಿರು ಸಿಕ್ಕಿಕೊಂಡ ಸದ್ದು ಬಂತು.

ಒಳಗೆ ಹೋಗಿ ಕ್ಷಮಿಸಿ ಅನ್ನಬೇಕಿತ್ತು. ಹೋಗಲಿಲ್ಲ. ಜಗಲಿಯ ತುದಿಗೆ ಹೋಗಿ ಟವೆಲ್ ತುದಿಯನ್ನು ಬಾಯಿಗೆ ತುರುಕಿಕೊಂಡು ಮುದುಡಿ ಕೂತೆ.

ಆಗ ಬಂತು ವಾಸನೆ... ಡಿಕಾಕ್ಷನ್. ಆಗತಾನೆ ಫಿಲ್ಟರಿನಿಂದ ಇಳಿದ, ಬಿಸಿ ಡಿಕಾಕ್ಷನ್. ಬೆಳಗಿನಿಂದ ಒಂದು ಕಡ್ಡಿ ಗೀರದ ಮನೆಯಲ್ಲಿ.

ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

ಅತ್ತೆಯ ಪಿಸುಮಾತು ಕೇಳಿಸಿತು. "ರೀ... ಕೋಪ ಮಾಡ್ಕೊಂಡೇ ಹೋದ್ರಾ?"

"ಕೋಪ ಎಲ್ಲಿ ಬಂತು ಕಣೇ. ಕಾಫಿ ಕುಡೀದೆ ಹೊರಟ್ಬಿಟ್ಟೆ ನೋಡು, ಅದೊಂದೇ."

ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು. ಟವೆಲ್ ಇನ್ನೂ ನನ್ನ ಹಲ್ಲಿನ ನಡುವೆಯೇ ಇತ್ತು.

ಬೆಳಕು ಹರಿಯುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಅತ್ತೆ ಹೊರಗೆ ಬಂದಾಗ ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ಗೆಲುವಿತ್ತು. ನನ್ನ ತಲೆ ಸವರಿದರು.

"ಮೊದ್ಲು ನಿನ್ನ ಕೆನ್ನೆಗೆ ಬಾರಿಸೋಣ ಅನ್ನಿಸ್ತು. ಆಮೇಲೆ ಒಳಗೆ ಬಂದು ಹೇಳ್ದೆಯಲ್ಲ, ಎದೆ ಹಗುರ ಆಯ್ತು ಕಣೋ. ಅವತ್ತು ನಾನು ಸಿಟ್ಟಿಗೆ ಕಾಫಿ ಕೊಡ್ಲಿಲ್ಲ ಅಂತ ನಿಂಗ್ಯಾರು ಹೇಳಿದ್ದು? ಯಾರ್ ಹತ್ರಾನೂ ಬಾಯ್ಬಿಟ್ಟಿಲ್ಲ ನಾನು."

ಆಗಲೇ ನಿಜ ಹೇಳಬಹುದಿತ್ತು. "ಹಂಗೇ ಊಹೆ ಮಾಡ್ದೆ ಅತ್ತೆ" ಅಂದೆ.

ಅವರ ನೆಮ್ಮದಿ ಕೆಡಬಾರದೆಂದು ಹಾಗೆ ಹೇಳಿದೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅಸಲಿ ವಿಷಯ ಅದಲ್ಲ. ಅಷ್ಟು ಭಯದಲ್ಲೂ ಆ ಹೊಗಳಿಕೆ ನನಗೆ ರುಚಿಸಿತ್ತು.

ಈಗ ಭಾನುವಾರ ಬಂತೆಂದರೆ ಅತ್ತೆ ಮನೆಗೆ ಕರೆಯುತ್ತಾರೆ. ಮಾವನ ಲೋಟದಲ್ಲೇ ಕಾಫಿ ಕೊಟ್ಟು, ಅವರ ಹಾಗೆ ಒಂದೇ ಒಂದು ಸಲ ಮಾತಾಡು ಎನ್ನುತ್ತಾರೆ. ಗಂಟಲು ನೋವೆಂದು ನಾನು ಜಾರಿಕೊಳ್ಳುತ್ತೇನೆ. ಹೋದ ವಾರವೂ ಅದನ್ನೇ ಹೇಳಿ ಲೋಟ ಎತ್ತಿದೆ.

ನನ್ನ ಬೆನ್ನ ಹಿಂದೆ ಮಾವನ ಕುರ್ಚಿ ಇತ್ತು. ಅಲ್ಲಿ ಯಾರೂ ಕೂರುವುದಿಲ್ಲ. ಆ ಕಡೆಯಿಂದ, ಗಂಟಲು ಸರಿಮಾಡಿಕೊಂಡ ಸದ್ದು...

ಅತ್ತೆ ನನ್ನ ಮುಖ ನೋಡಿ ನಕ್ಕರು. "ಹೂಂ, ಶುರು ಮಾಡು."

ನನ್ನ ಬಾಯಿ ತುಂಬ ಕಾಫಿ ಇತ್ತು.