ಶ್ಯಾಮಣ್ಣನವರ ಕ್ಯಾಮೆರಾ
ಶಿಂಷಾ ಸೇತುವೆಯ ಮೇಲೆ ರೈಲಿನ ಗಡಗಡ ಅಡಗಿದ ಮೇಲೆಯೇ ಮದ್ದೂರಿನ ಫೋಟೋಗ್ರಾಫರ್ ಶ್ಯಾಮಣ್ಣನವರು ತಮ್ಮ ಹಳೆಯ ಕ್ಯಾಮೆರಾವನ್ನು ಕಿವಿಗೆ ಹಿಡಿದು ಶಟರಿನ ಸದ್ದು ಕೇಳುವುದು. ಮದುವೆಮನೆಯಲ್ಲಿ ಅದು ಕೈಕೊಟ್ಟರೆ ಧಾರೆಯನ್ನೇ ಇನ್ನೊಂದು ಸಲ ಎರೆಸುತ್ತಾರೆ. ಪುರೋಹಿತರೂ ಒಗ್ಗಿಹೋಗಿ ಚೊಂಬಿನಲ್ಲಿ ಹಾಲು ಉಳಿಸಿಕೊಂಡಿರುತ್ತಾರೆ. "ಒಳೆಗೆ ಬಿಸಾಕ್ಬುಟ್ಟು ಒಸ್ದು ತಕೊಳಿ ಸ್ಯಾಮಣ್ಣೋರೆ," ಎಂದು ಬೀಗರು ಛೇಡಿಸಿದರೆ, "ಹೊಸದನ್ನ ಯಾರು ಒತ್ತಿದರೂ ಆಯ್ತು. ಇದಕ್ಕೆ ನಾನೇ ಬೇಕು," ಎಂದು ಎದೆಯುಬ್ಬಿಸುತ್ತಾರೆ. ಅದರ ಕಿಂಡಿಯಲ್ಲಿ ಎರಡಾಗಿ ಕಾಣುವ ಮುಖ, ಲೆನ್ಸಿನ ಉಂಗುರ ತಿರುಗಿಸಿದರೆ ಒಂದಾಗಬೇಕು. ಈಚೆಗೆ ಒಂದಾಗುತ್ತಿಲ್ಲವೆಂದು ಬಿಚ್ಚಿ ಜೋಡಿಸಿದ್ದೇ ಜೋಡಿಸಿದ್ದು. ಇವತ್ತು ಹೆಂಡತಿ ಪಂಕಜಮ್ಮ ಉಂಗುರ ತಿರುಗಿಸಿ ನೋಡಿದರು: ಒಂದೇ ಮುಖ, ನಿಚ್ಚಳ. "ರೀ, ಇದು ಸರಿಯಾಗೇ ಇದೆ. ನಿಮ್ಮ ಕಣ್ಣನ್ನೊಮ್ಮೆ ಡಾಕ್ಟರಿಗೆ ತೋರಿಸಿ." "ನನ್ನ ಕಣ್ಣಿಗೇನಾಗಿದೆಯೇ? ಮಳವಳ್ಳಿ ಬಸ್ಸಿಗೆ ಹೊತ್ತಾಯ್ತು, ಬಂದಮೇಲೆ ಇನ್ನೊಂದು ಸಲ ಬಿಚ್ಚಿ..." ಎನ್ನುತ್ತಲೇ ಅದನ್ನು ಕೊರಳಿಗೆ ಹಾಕಿಕೊಂಡು, ತಲೆಯೆತ್ತಿ ಹೊರಟೇಬಿಟ್ಟರು.