ಆಲೂಗಡ್ಡೆ ಮೂಟೆಯ ಮೇಲಿನ ಸವಾರಿ

ಕಣಿವೆಯ ಮನೆಮನೆಗೆ ಅಂಚೆ ಹಂಚುತ್ತಲೇ ತಲೆ ನರೆತ ಸಿಗ್ರುನ್‌ಗೆ ಹಿಮದ ಮೇಲೆ ಜಾರುವ ಸ್ಕೀ ಹಲಗೆ ಆರಿಸಲು ಒಂದೇ ಲೆಕ್ಕ: ಕೈ ಮೇಲೆತ್ತಿ ನಿಂತರೆ ಅದರ ತುದಿ ಮಣಿಕಟ್ಟು ಮುಟ್ಟಬೇಕು. ಹುಡುಗಿಯಾಗಿದ್ದಾಗ ಹಾಗೆ ಆರಿಸಿದ ಸ್ಕೀ ಕಟ್ಟಿಕೊಂಡೇ ಊರಿನ ಪಂದ್ಯ ಗೆದ್ದಿದ್ದಳು.

ಆದರೆ ಹೋದ ಈಸ್ಟರ್‌ಗೆ ಬೆಟ್ಟದ ಮನೆಗೆ ಹೊರಟಾಗ ಏರಿನಲ್ಲಿ ಮುಂದಕ್ಕೆ ಹೋದಷ್ಟೂ ಹಿಂದಕ್ಕೆ ಜಾರಿದಳು. ಕೊನೆಗೆ ಮೈದುನ ಟೋರ್ಲೈಫ್ ತನ್ನ ಹಿಮಬೈಕಿನ ಹಿಂದಿನ ಸಾಮಾನು ಗಾಡಿಯಲ್ಲಿ, ಆಲೂಗಡ್ಡೆ ಮೂಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಹೋದ. ದಾರಿಯುದ್ದಕ್ಕೂ ಜನ ಕೈಬೀಸಿದ್ದರು. ಈ ಸಲ ಸ್ವಂತ ಕಾಲಲ್ಲೇ ಮೇಲೆ ಮುಟ್ಟಬೇಕೆಂದು ಹಟ ತೊಟ್ಟು, ಪಂದ್ಯಗಾರರ ಹೊಸ ಸ್ಕೀ ತಂದಳು.

ಗಂಡ ಹಾಲ್ವಾರ್ ಅದನ್ನು ಅಡುಗೆಮನೆಯ ನೆಲದ ಮೇಲಿಟ್ಟ. "ಒಂದು ಕಾಲಲ್ಲಿ ನಿಲ್ಲು ನೋಡೋಣ."

ಅವಳು ನಿಂತಳು. ಅವನು ಸ್ಕೀಯ ಕಮಾನಿನಂತೆ ಮೇಲೆದ್ದ ನಡುಭಾಗದಡಿ ಕಾಗದ ತೂರಿಸಿದ. ಕಾಗದ ಸಲೀಸಾಗಿ ಓಡಾಡಿತು.

"ನಿನ್ನ ಭಾರಕ್ಕೆ ಇದು ಬಗ್ತಾನೇ ಇಲ್ಲ ಕಣೇ. ಸ್ಕೀ ನಡುಭಾಗ ಹಿಮಕ್ಕೆ ಒತ್ತದೆ ಹಿಡಿತ ಎಲ್ಲಿಂದ ಬರುತ್ತೆ?"

"ಹಾಗಾದ್ರೆ ಆ ಬೆಣ್ಣೆ ಇತ್ತ ತಳ್ಳು, ದಪ್ಪ ಆಗ್ತೀನಿ."

"ಈಸ್ಟರ್ ಒಳಗೆ ಅಷ್ಟು ತಿನ್ನೋಕಾಗಲ್ಲ ಬಿಡು. ಅಲ್ಲ, ಈಗ ನೀನು ಸೋಲಿಸ್ಬೇಕಾಗಿರೋದು ಯಾರನ್ನ?"

ಸಿಗ್ರುನ್ ಯೋಚಿಸಿದಳು. ಅಂದು ತನಗೆ ಸೋತವರೆಲ್ಲ ಈಗ ಮೊಮ್ಮಕ್ಕಳಿಗೆ ಕಾಲುಚೀಲ ಹೆಣೆಯುತ್ತಿದ್ದರು. ಅವಳು ಗೆಲ್ಲಬೇಕಾದದ್ದು ಆ ಏರನ್ನು ಮಾತ್ರ.

ಮಾರನೆಯ ದಿನ ಅಂಗಡಿಗೆ ಹೋಗಿ ಬದಲಿಸಿಕೊಂಡಳು: ಗಿಡ್ಡ, ಮೆತ್ತನೆಯದು, ನಡುವಿನಡಿ ಹಿಮ ಕಚ್ಚುವ ರೋಮದ ಪಟ್ಟಿ. ಇಷ್ಟು ವರ್ಷ ಅವಳೇ ಅದನ್ನು ಸೋಮಾರಿಗಳ ಸ್ಕೀ ಎಂದು ಹೀಯಾಳಿಸುತ್ತಿದ್ದಳು. ಈಗ ಅದರ ಮೇಲೆ ನಿಂತರೆ ಕಾಗದ ಅಲುಗಲಿಲ್ಲ.

"ನಿನ್ನದನ್ನೂ ನೋಡೋಣ ಬಾ. ಪಥ್ಯ ಮಾಡಿ ಕಡ್ಡಿ ಆಗಿದೀಯ, ನಿನ್ನ ಭಾರಕ್ಕೆ ಅದು ಬಗ್ಗುತ್ತೋ ಇಲ್ವೋ," ಎಂದಳು ಗಂಡನಿಗೆ.

"ನನ್ನ ಸ್ಕೀಗೆ ನಾನು ಗೊತ್ತು ಹೋಗೇ," ಎಂದ ಹಾಲ್ವಾರ್.

ಈಸ್ಟರ್ ಬಂತು. ಏರಿನಲ್ಲಿ ಸಿಗ್ರುನ್ ಒಂದೊಂದೇ ಹೆಜ್ಜೆ ಇಟ್ಟಳು. ಇಟ್ಟಲ್ಲೇ ನಿಂತಿತು ಹೆಜ್ಜೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಹಿಮಬೈಕಿನ ಸದ್ದು ಕೇಳಿತು.

"ಅತ್ತಿಗೇ, ಈ ಸಲ ಮೂಟೆ ಮೇಲೆ ಜಾಗ ಇಲ್ಲ!" ಎಂದು ಟೋರ್ಲೈಫ್ ಕೂಗಿದ.

ಗಾಡಿಯಲ್ಲಿ, ಆಲೂಗಡ್ಡೆಯ ಮೇಲೆ, ತನ್ನ ಸ್ಕೀ ಪಕ್ಕಕ್ಕಿಟ್ಟು, ಕಿತ್ತಳೆ ಹಣ್ಣಿನ ಚೀಲವನ್ನು ಅವುಚಿಕೊಂಡು ಹಾಲ್ವಾರ್ ಕೂತಿದ್ದ.

"ಕಿತ್ತಳೆ ಉರುಳದ ಹಾಗೆ ಯಾರಾದ್ರೂ ಹಿಡ್ಕೋಬೇಕಲ್ಲ," ಎಂದ.

ಸಿಗ್ರುನ್ ಕೋಲೆತ್ತಿ ಕೈಬೀಸಿದಳು. ನಗು ತಡೆಯಲಾಗದೆ ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಆ ಕಡಿದಾದ ಏರಿನಲ್ಲಿ ನಿಂತರೂ ಹಿಂದಕ್ಕೆ ಜಾರಲಿಲ್ಲ.