ಕೂಸಿನ ಹೆಡ್‌ಫೋನನ್ನು ಯಾರೂ ಮುಟ್ಟದ ಮಳೆಗಾಲ

ಆ ದಿನಗಳಲ್ಲಿ ಕೊಪ್ಪದ ನಮ್ಮ ಮನೆಯ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಅದು ಏನು ಮಾತಾಡಿದರೂ ಒಬ್ಬಳ ಕಿವಿಗೆ ಬಿದ್ದರೆ ಸಾಕಿತ್ತು. ಅದಕ್ಕೆಂದೇ ಅದನ್ನು ತಂದದ್ದು. ಆ ಒಬ್ಬಳು ನೀನು, ಪ್ರಣತಿ. ನಿನಗಾಗ ಐದು ವರ್ಷ. ನಿನ್ನ ತಮ್ಮ ಅಭಿ ಇನ್ನೂ ಹುಟ್ಟಿರಲಿಲ್ಲ. ಮೊನ್ನೆ ಅವನು, "ಅಜ್ಜಿ, ಏಳನೇ ಕ್ಲಾಸು ಓದಿದ ನಿಂಗೆ ಕಂಪ್ಯೂಟರಿಗೆ ಡ್ರೈವರ್ ಹಾಕದು ಯಾರು ಕಲ್ಸಿದ್ದು?" ಎಂದು ಕೇಳಿ ನಕ್ಕ. ಎದುರಿಗೆ ಕೂತು ಇಷ್ಟುದ್ದ ಹೇಳಲು ನನಗೆ ಬಾರದು. ಅದಕ್ಕೇ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಹುಟ್ಟುವಾಗಲೇ ನಿನ್ನ ಕಿವಿ ಮಂದ. ಎರಡು ವರ್ಷಕ್ಕೆ ಮಂಗಳೂರಿನಲ್ಲಿ ಎರಡೂ ಕಿವಿಗೆ ಮೆಷಿನ್ ಹಾಕಿದರು. ಹಾಕಿದ ಕೂಡಲೇ ಮಾತು ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ, ಕೇಳುವುದನ್ನೂ ಅಕ್ಷರ ಕಲಿಸಿದ ಹಾಗೆ ಕಲಿಸಬೇಕಂತೆ. ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬರಲು ಒಂದಿಡೀ ದಿನ ಬೇಕು. ಬಸ್ಸು ಕೆರೆಕಟ್ಟೆ ದಾಟಿ ಘಟ್ಟ ಇಳಿಯಲು ಶುರುಮಾಡಿದರೆ ನಿನಗೆ ವಾಂತಿಯೂ ಶುರು. ಕೊನೆಗೆ ಅಲ್ಲಿಯ ಟೀಚರೇ ಒಂದು ದಾರಿ ಹೇಳಿದರು: ವಾರಕ್ಕೆ ಮೂರು ದಿನ, ಸಂಜೆ ನಾಲ್ಕಕ್ಕೆ, ಕಂಪ್ಯೂಟರಿನಲ್ಲೇ ಪಾಠ. ನಿಮ್ಮಮ್ಮ ಸುಧಾ ಜಯಪುರದ ಶಬಾನಾಳ ಜೆರಾಕ್ಸ್ ಅಂಗಡಿಯಿಂದ ಬೇರೆಯವರು ಬಳಸಿದ್ದ ಒಂದು ಕಂಪ್ಯೂಟರ್ ತಂದಳು, ಜೊತೆಗೆ ನಿನ್ನ ಕಿವಿಯ ಮೆಷಿನ್ನಿನ ಮೇಲೆ ಕೂರುವ ದೊಡ್ಡ ಹೆಡ್‌ಫೋನ್.

ಪಾಠವೆಂದರೆ ಆಟವೇ. ಶಬ್ದ ಕೇಳಿದರೆ ಒಂದು ಮಂಜೊಟ್ಟಿ ಬೀಜ ತೆಗೆದು ಬಟ್ಟಲಿಗೆ ಹಾಕಬೇಕು, ಆಮೇಲೆ ಆ ಶಬ್ದವನ್ನು ತಿರುಗಿ ಹೇಳಬೇಕು. ಆ, ಈ, ಊ, ಶ್, ಸ್, ಮ್. ಈ ಆರು ಕೇಳಿದರೆ ಎಲ್ಲ ಮಾತೂ ಕೇಳಿದ ಹಾಗೆ ಎನ್ನುತ್ತಿದ್ದರು ಟೀಚರ್. ಕೆಂಪು ಬೀಜ ಕಂಚಿನ ಬಟ್ಟಲಿಗೆ ಬೀಳುವ ಟಿಣ್ ಸದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು. ಟೀಚರ ದನಿ ಮಾತ್ರ ನಮಗೆ ಯಾರಿಗೂ ಕೇಳುತ್ತಿರಲಿಲ್ಲ. ಅವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ನಿನ್ನ ಉತ್ತರ ಕೇಳುತ್ತಿತ್ತು, ಅಷ್ಟೇ. ಸುಧಾಳಿಗೆ ಹೇಳುವುದೇನಾದರೂ ಇದ್ದರೆ ಅವರು ಆಮೇಲೆ ಫೋನ್ ಮಾಡುತ್ತಿದ್ದರು.

ಇನ್ನು ಹೆಡ್‌ಫೋನಿನ ವಿಷಯ. ಕಿವಿಯ ಮೆಷಿನ್ನನ್ನು ಕಂಡಕಂಡವರು ಮುಟ್ಟಬಾರದು, ತೇವ ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಸುಧಾ ಆ ಮಾತನ್ನು ಹೆಡ್‌ಫೋನಿಗೂ ಸೇರಿಸಿದಳು. ನನ್ನ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಅದಕ್ಕೊಂದು ಚೀಲ ಹೊಲಿಸಿ, ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದಳು. ಪಾಠದ ಹೊತ್ತಿಗೆ ಕೈ ತೊಳೆದು ಒರೆಸಿಕೊಂಡು ಅವಳೇ ತೆಗೆಯಬೇಕು, ಅವಳೇ ಇಡಬೇಕು. ನಿಮ್ಮಪ್ಪ ಒಂದು ದಿನ ಮುಟ್ಟಲು ಹೋಗಿ, "ನಿಮ್ಮ ಕೈಲಿ ಗೊಬ್ಬರದ ಅಂಗಡಿ ವಾಸ್ನೆ ಇದ್ದು, ಬಿಡಿ ಅದ್ನ" ಎಂದು ಬೈಸಿಕೊಂಡರು. ನಮ್ಮ ಮನೆಯಲ್ಲಿ ದೇವರಿಗೂ ಅಷ್ಟು ಮಡಿ ಇರಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಕಂಪ್ಯೂಟರ್ ತನ್ನಷ್ಟಕ್ಕೆ ಏನೋ ಹಾಕಿಕೊಳ್ಳುತ್ತಿತ್ತು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ತಿರುಗಿ ಬಂದಾಗ ಅಕ್ಷರಗಳೆಲ್ಲ ಬದನೆಕಾಯಿಯಷ್ಟು ದಪ್ಪ. ಆ ಸಂಜೆಯ ಪಾಠದಲ್ಲಿ ಟೀಚರ ಮುಖ ಹಿಗ್ಗಿ, ತೆರೆದ ಬಾಯಿ ತೆರೆದೇ ನಿಲ್ಲುವುದು, ಆಮೇಲೆ ಒಮ್ಮೆಲೇ ಎಲ್ಲಿಗೋ ಜಿಗಿಯುವುದು. ನೀನು ಒಂದು ಬೀಜವನ್ನೂ ಹಾಕಲಿಲ್ಲ. ಬಟ್ಟಲು ದೂಡಿ ಅತ್ತೆ.

ಭಾನುವಾರ ಶಬಾನಾ ಬಂದಳು. ನಲವತ್ತರ ಹೆಂಗಸು, ಮಾತು ಜೋರು, ಕೈ ನಿಧಾನ. ನಾನು ದೂರ ನಿಂತೇ ನೋಡುತ್ತಿದ್ದೆ.

"ಎಂತ ಆಗಿದೆ ಅಂದ್ರೆ ಅಮ್ಮ," ಎಂದು ಅವಳು ನನ್ನನ್ನೇ ಉದ್ದೇಶಿಸಿ ಹೇಳಿದಳು, "ಪರದೆ ಚಂದಾಗಿದೆ, ಒಳಗಿನ ಚಿಪ್ಪೂ ಚಂದಾಗಿದೆ. ಎರಡ್ರ ನಡುವೆ ಮಾತು ಮುಟ್ಟಿಸೋ ಒಂದು ಪ್ರೋಗ್ರಾಮ್ ಇರ್ತದೆ, ಡ್ರೈವರ್ ಅಂತ. ಕರೆಂಟ್ ಹೋಗಿ ಅದು ಅರ್ಧಕ್ಕೇ ನಿಂತಿದೆ. ಅತ್ತೆ ಸೊಸೆ ಇಬ್ರೂ ಒಳ್ಳೆಯವ್ರೇ, ನಡುವಿನವಳು ಸರಿ ಇಲ್ಲ ಅಂದ್ರೆ ಎಂತ ಮಾಡೋದು ಹೇಳಿ!"

ಪೆನ್‌ಡ್ರೈವಿನಿಂದ ಏನೇನೋ ಒಳಗೆ ಹಾಕಿ, ಆರಿಸಿ ಹಚ್ಚಿದಳು. ಚಿತ್ರ ಮೊದಲಿನಂತಾಯಿತು.

"ಸೌಂಡ್ ಸರಿ ಇದ್ಯಾ?" ಎಂದು ಕೇಳಿದಳು.

"ಹೋ, ಅದಕ್ಕೆಂತೂ ಆಯ್ದಿಲ್ಲೆ," ಎಂದಳು ಸುಧಾ. ಹೆಡ್‌ಫೋನ್ ರೇಷ್ಮೆ ಚೀಲದಲ್ಲಿತ್ತು. ಯಾರೂ ಅದನ್ನು ತೆಗೆಯಲಿಲ್ಲ. ಶಬಾನಾ ನಾಲ್ಕು ತುಂಡು ಪತ್ರೊಡೆ ತಿಂದು, ಎರಡು ಕಟ್ಟಿಸಿಕೊಂಡು ಬಸ್ಸಿಗೆ ಹೋದಳು.

ಮುಂದಿನ ಪಾಠಗಳಲ್ಲಿ ನೀನು ಮತ್ತೆ ಬೀಜ ಹಾಕತೊಡಗಿದೆ. ನಮಗೆಲ್ಲ ನೆಮ್ಮದಿ. ಆದರೆ ಟೀಚರ್ ನಡುನಡುವೆ ಒಂದು ರಟ್ಟಿನಿಂದ ಬಾಯಿ ಮುಚ್ಚಿಕೊಂಡು ಶಬ್ದ ಹೇಳುತ್ತಿದ್ದರು, ಕಣ್ಣಲ್ಲ, ಕಿವಿ ಕಲಿಯಲಿ ಎಂದು. ಆಗ ಮಾತ್ರ ನಿನ್ನ ಕೈ ಏಳುತ್ತಿರಲಿಲ್ಲ. ರಟ್ಟು ತೆಗೆದರೆ ಟಿಣ್. ಮುಚ್ಚಿದರೆ ಏನೂ ಇಲ್ಲ. ಹೀಗೇ ಮೂರು ವಾರ.

ಒಂದು ಸಂಜೆ ಟೀಚರ ಫೋನ್ ಬಂತು. ಸುಧಾ ಅದನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. "ಇದ್ದ ಕೇಳೋ ಶಕ್ತಿಯೂ ಕಡಿಮೆ ಆಗಿರ್ಬಹುದು ಸುಧಾ. ಹಾಗಾಗೋದುಂಟು. ಒಮ್ಮೆ ಪರೀಕ್ಷೆ ಮಾಡ್ಸಿ. ಮನೆಯಲ್ಲೇ ಕಲಿಸೋದು ಸಾಕಾಗದೆ ಹೋದ್ರೆ ವಸತಿ ಶಾಲೆ ಬಗ್ಗೆ ಯೋಚ್ನೆ ಮಾಡೋದು ಒಳ್ಳೆಯದು."

ಪರೀಕ್ಷೆಗೆ ಮುಂದಿನ ತಿಂಗಳು ದಿನ ಸಿಕ್ಕಿತು. ವಸತಿ ಶಾಲೆ ಎಂಟು ಗಂಟೆಯ ದಾರಿಯ ಊರಿನಲ್ಲಿ. ಸೀಟು ಬೇಕೋ ಬೇಡವೋ ಎಂದು ಆ ವಾರದೊಳಗೆ ತಿಳಿಸಬೇಕು. ಅದರ ಅರ್ಜಿ ನಮ್ಮ ಊಟದ ಮೇಜಿನ ಮೇಲೆ ಬಂದು ಕೂತಿತು. ಐದು ವರ್ಷದ ಕೂಸು, ನಿದ್ದೆಯಲ್ಲಿ ನನ್ನ ಸೆರಗು ಹಿಡಿದುಕೊಳ್ಳದೆ ಮಲಗದ ಕೂಸು. ಸುಧಾ ಪೆನ್ನು ಹಿಡಿದು ನಿನ್ನ ಹೆಸರು ಬರೆದಳು, ಹುಟ್ಟಿದ ದಿನ ಬರೆದಳು. ಸಹಿ ಮಾಡದೆ ಎದ್ದು ಹೋದಳು.

ನನಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಮರುದಿನ ಹಲಸಿನ ಹಪ್ಪಳ ಕರಿಯುತ್ತಿದ್ದೆ. ನೀನು ನನಗೆ ಬೆನ್ನು ಹಾಕಿ ನೆಲದ ಮೇಲೆ ಆಡುತ್ತಿದ್ದೆ. ಎಣ್ಣೆಗೆ ಹಪ್ಪಳ ಬಿಟ್ಟ ಕೂಡಲೇ "ಸ್ಸ್!" ಎನ್ನುತ್ತ ತಿರುಗಿದೆ. ಪರಿಮಳಕ್ಕೆ ತಿರುಗಿದೆಯೋ, ಶಬ್ದಕ್ಕೋ? ನಾನು ಒಲೆ ಆರಿಸಿದೆ. ಬೀಜದ ಡಬ್ಬಿ, ಬಟ್ಟಲು ನಿನ್ನ ಮುಂದಿಟ್ಟು, ಮೊರದಿಂದ ನನ್ನ ಮುಖ ಪೂರ್ತಿ ಮುಚ್ಚಿಕೊಂಡು ಮೆತ್ತಗೆ "ಶ್" ಎಂದೆ. ಟಿಣ್. "ಊ" ಎಂದೆ. ಟಿಣ್. ಸುಮ್ಮನೆ ಕೂತು ನೋಡಿದೆ, ನೀನೂ ಸುಮ್ಮನೆ ಕೂತೆ. ಆರೂ ಶಬ್ದಕ್ಕೆ ಆರು ಬೀಜ.

ಸಂಜೆ ಸುಧಾಳಿಗೆ ಹೇಳಿದೆ. ಅವಳ ಮುಖ ಬಾಡಿತ್ತು. "ಅಮ್ಮ, ನಿಂಗೆ ಅದ್ನ ಕಳ್ಸುಲೆ ಮನಸ್ಸಿಲ್ಲೆ, ಅದ್ಕೆ ಹಾಂಗೆ ಕಾಣ್ತು. ಅಷ್ಟೆಲ್ಲ ಓದಿದ ಟೀಚರಿಗೆ ತಿಳಿಯದ್ದು ನಿನ್ನ ಮೊರಕ್ಕೆ ತಿಳೀತಾ?"

ನಾನು ಮೊರ ಎತ್ತಿಟ್ಟೆ. ಯೋಚನೆ ಬಿಡಲಿಲ್ಲ. ಕಿವಿ ಇಲ್ಲಿ ಸರಿಯಿದೆ, ಟೀಚರ್ ಅಲ್ಲಿ ಸರಿ ಇದ್ದಾರೆ. ಹಾಗಾದರೆ ನಡುವೆ ಎಲ್ಲಿ ನಿಂತಿತು?

ಚಿಕ್ಕವಳಿದ್ದಾಗ ನಮ್ಮನೆಗೆ ಗುಡ್ಡದ ಒರತೆಯಿಂದ ನೀರು ಬರುತ್ತಿತ್ತು, ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದು. ನೀರು ನಿಂತರೆ ಅಪ್ಪಯ್ಯ ಬೈಯುತ್ತಿರಲಿಲ್ಲ, ಓಡುತ್ತಿರಲಿಲ್ಲ. ಮನೆಯ ಬಾಯಿಂದ ಶುರುಮಾಡಿ ಒಂದೊಂದೇ ದಬ್ಬೆಗೆ ಕೈ ಹಾಕಿ ನೋಡುತ್ತ ಮೇಲೆ ಹತ್ತುತ್ತಿದ್ದರು. "ಒದ್ದೆ ಎಲ್ಲಿ ಸಿಕ್ತೋ, ಅದರ ಕೆಳಗೇ ಕಸ" ಎನ್ನುತ್ತಿದ್ದರು. ನಾನು ಹಿಂದೆ ಹಿಂದೆ.

ಪಾಠವಿದ್ದ ದಿನ ಮಧ್ಯಾಹ್ನ, ನಿಮ್ಮಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿದ್ದಾಗ, ಕೈಗೆ ಸೋಪು ಹಚ್ಚಿ ಎರಡು ಸಲ ತೊಳೆದೆ. ರೇಷ್ಮೆ ಚೀಲ ಇಳಿಸಿದೆ. ಕದಿಯುವವಳ ಹಾಗೆ ಮುಂಬಾಗಿಲಿಗೆ ಅಗಳಿ ಹಾಕಿ ಬಂದೆ. ಟೀಚರ್ ಕಳಿಸಿದ್ದ ಹಳೆಯ ಪಾಠವೊಂದನ್ನು ನೀನೇ ಒತ್ತಿ ತೋರಿಸಿದೆ. ಹೆಡ್‌ಫೋನನ್ನು ನನ್ನ ತಲೆಗೆ ಹಾಕಿಕೊಂಡೆ.

ಟೀಚರ ಬಾಯಿ ಅಲ್ಲಾಡಿತು. ನನಗೇನೂ ಕೇಳಲಿಲ್ಲ.

ಮೊದಲು ಬಂದ ಸಂಶಯ ನನ್ನ ಮುದಿ ಕಿವಿಯ ಮೇಲೆ. ಅದಕ್ಕೇ ಹೆಡ್‌ಫೋನಿನ ವಯರನ್ನು ಕಂಪ್ಯೂಟರಿನಿಂದ ಕಿತ್ತು ನನ್ನ ಮೊಬೈಲಿಗೆ ಚುಚ್ಚಿ ರೇಡಿಯೋ ಹಚ್ಚಿದೆ. ಯಾರೋ ಭತ್ತದ ಸಸಿಗೆ ಬರುವ ರೋಗದ ಬಗ್ಗೆ ಕಿವಿಯೊಳಗೇ ಬಂದು ಕೂತು ಹೇಳತೊಡಗಿದರು! ಅಂದರೆ ನನ್ನ ಕಿವಿ ಸರಿ, ಹೆಡ್‌ಫೋನ್ ಸರಿ. ಕಸ ಇರುವುದು ಕಂಪ್ಯೂಟರಿನಲ್ಲಿ. ವಯರನ್ನು ತಿರುಗಿ ಕಂಪ್ಯೂಟರಿಗೇ ಚುಚ್ಚಿದೆ.

ಅಂಗಡಿಯವರಿಗೆ ನಾನಾಗಿ ಫೋನ್ ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಎರಡು ಸಲ ಹಚ್ಚಿ ಕತ್ತರಿಸಿದೆ. ಮೂರನೆಯ ಸಲ ನಾನು ಕತ್ತರಿಸುವ ಮೊದಲೇ ಶಬಾನಾ ಎತ್ತಿದಳು.

"ಅಮ್ಮಾ, ನೀವಾ? ಎಂತ ಮಾರಾಯ್ರೆ, ಯಾರಿಗಾದ್ರೂ ಹುಷಾರಿಲ್ವಾ?"

ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ, "ಕೆಳಗೆ ಬಲಗಡೆ ಮೂಲೇಲಿ ಸಣ್ಣ ಸ್ಪೀಕರ್ ಚಿತ್ರ ಕಾಣ್ತದಾ? ಅದ್ರ ಮೇಲೆ ಎಂತ ಉಂಟು?"

ಕನ್ನಡಕ ಒರೆಸಿ ನೋಡಿದೆ. ಸಾಸಿವೆಯಷ್ಟು ಕೆಂಪು ಇಂಟು ಗುರುತು.

"ಅಯ್ಯೋ ನನ್ನ ತಲೆಯೇ. ಅವತ್ತು ಚಿತ್ರದ ಡ್ರೈವರ್ ಮಾತ್ರ ಹಾಕಿ ಬಂದೆ ಅಮ್ಮ. ಶಬ್ದದ್ದೂ ಹಾಳಾಗಿದೆ. ಮೈಕು ಬೇರೆ, ಕ್ಯಾಮರಾದಲ್ಲೇ ಉಂಟು, ಅದಕ್ಕೇ ಕೂಸಿನ ಮಾತು ಟೀಚರಿಗೆ ಕೇಳ್ತಿತ್ತು. ಹೆಡ್‌ಫೋನ್ ಹಾಕಿ ಒಂದು ಸಲ ನೋಡ್ಲಿಲ್ಲ ನಾನು. ಫೈಲು ಅಲ್ಲೇ ಇಟ್ಟು ಬಂದಿದ್ದೇನೆ. ಈಗ ನಾನು ಹೇಳಿದ ಹಾಗೆ ಮಾಡ್ತೀರಾ?"

"ನಂಗೆ ಇಂಗ್ಲಿಷ್ ಬತ್ತಿಲ್ಲೆ ಶಬಾನಾ."

"ಅಕ್ಷರ ಬರ್ತದಲ್ವಾ? ಸಾಕು."

ಅವಳು ಒಂದೊಂದೇ ಅಕ್ಷರ ಹೇಳಿದಳು, ನಾನು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕಿ ಒತ್ತಿದೆ. ಮೌಸು ನನ್ನ ಕೈಯಲ್ಲಿ ಜೀವವಿರುವ ಇಲಿಯ ಹಾಗೆಯೇ ಓಡುತ್ತಿತ್ತು.

"ಈಗ ಅದು ಯೆಸ್ಸಾ ನೋವಾ ಕೇಳ್ತದೆ. ಯೆಸ್ ಅನ್ನಿ."

"ಯೆಸ್," ಎಂದೆ ಕಂಪ್ಯೂಟರಿಗೆ.

"ಬಾಯಲ್ಲಿ ಅಲ್ಲಮ್ಮ, ಒತ್ತಬೇಕು!" ಅವಳು ನಕ್ಕ ನಗು ಜಯಪುರದಿಂದ ನೇರವಾಗಿಯೇ ಕೇಳಿಸುವಂತಿತ್ತು. ನನಗೂ ನಗು ಬಂತು. ನೀನು ನನ್ನ ಬಾಯಿ ನೋಡಿ ನಕ್ಕೆ.

ಆರಿಸಿ ಹಚ್ಚಿದರೆ ಕೆಂಪು ಗುರುತು ಅಲ್ಲೇ ಇತ್ತು. ಇನ್ನು ನನ್ನಿಂದಾಗದು ಎಂದೆ. ಶಬಾನಾ ಬಿಡಲಿಲ್ಲ. "ಅರ್ಧಕ್ಕೆ ನಿಂತ ಹಳೇದು ದಾರಿಗೆ ಅಡ್ಡ ಕೂತಿದೆ. ಮೊದ್ಲು ಅದನ್ನ ತೆಗೆಯೋಣ." ದೊಡ್ಡದೊಂದು ಪಟ್ಟಿ ತೆರೆಸಿದಳು. ಅದರಲ್ಲಿ ಒಂದು ಸಾಲಿನ ಪಕ್ಕ ಹಳದಿ ಗುರುತು. ಅದರ ಮೇಲೆ ಬಲಗಡೆ ಒತ್ತಿ ತೆಗೆದುಹಾಕಿದೆ. ಆಮೇಲೆ ಹೊಸದನ್ನು ಮತ್ತೆ ಮೊದಲಿನಿಂದ ಹಾಕಿದೆ. ಮತ್ತೆ ಆರಿಸಿದೆ, ಹೆಡ್‌ಫೋನ್ ಹಾಕಿಕೊಂಡು ಮತ್ತೆ ಹಚ್ಚಿದೆ.

ಕಿವಿಯೊಳಗೆ ಏನೋ ಸಣ್ಣಗೆ ಬಾರಿಸಿತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

ಹೆಡ್‌ಫೋನ್ ನಿನಗೆ ಹಾಕಿ ಹಳೆಯ ಪಾಠ ಹಚ್ಚಿದೆ. ನಿನ್ನ ಕಣ್ಣು ದೊಡ್ಡದಾಯಿತು. "ಬಂತು!" ಎಂದೆ ನೀನು.

"ಇಷ್ಟು ದಿನ ಬತ್ತಿತ್ತಿಲ್ಯಾ ಕೂಸೇ? ಎಂತಕ್ಕೆ ಹೇಳಿದ್ದಿಲ್ಲೆ?"

ನೀನು ತುಟಿಯ ಮೇಲೆ ಬೆರಳಿಟ್ಟು, "ಟೀಚರ್ ಗುಟ್ಟು," ಎಂದೆ.

ಟೀಚರ್ ಗುಟ್ಟಾಗಿ ಮಾತಾಡುವ ಆಟ ಆಡುತ್ತಿದ್ದಾರೆಂದು ನೀನು ತಿಳಿದಿದ್ದೆ. ಅವರ ತುಟಿ ನೋಡಿಯೇ ಮೂರು ವಾರ ಪಾಠ ಒಪ್ಪಿಸಿದ್ದೆ. ದಡ್ಡರಾದವರು ನಾವು.

ಸುಧಾ ನಾಲ್ಕಕ್ಕೆ ಐದು ನಿಮಿಷವಿರುವಾಗ ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಓಡಿಬಂದಳು. ಹೆಡ್‌ಫೋನ್ ಆಗಲೇ ನಿನ್ನ ತಲೆಯ ಮೇಲಿತ್ತು, ಅವಸರದಲ್ಲಿ ಅವಳು ಗಮನಿಸಲಿಲ್ಲ. ನಾನು ಹೇಳಲೇ ಇಲ್ಲ. ಹೇಳಿ, ಆಮೇಲೆ ಅದು ಸುಳ್ಳಾದರೆ ಎಂಬ ಹೆದರಿಕೆ. ಬಾಗಿಲಲ್ಲಿ ನಿಂತೆ. ಟೀಚರ್ ರಟ್ಟು ಎತ್ತಿ ಬಾಯಿ ಮುಚ್ಚಿಕೊಂಡರು. ಸುಧಾ ತಲೆ ತಗ್ಗಿಸಿದಳು.

ಟಿಣ್.

"ಮ್," ಎಂದೆ ನೀನು.

ಸುಧಾ ತಲೆ ಎತ್ತಿದಳು. ರಟ್ಟು ಇಳಿಯಲಿಲ್ಲ. ಮತ್ತೊಂದು ಬೀಜ, ಮತ್ತೊಂದು. ಆರನೆಯದು ಬಿದ್ದ ಮೇಲೆ ಟೀಚರ್ ರಟ್ಟು ಕೆಳಗಿಟ್ಟು ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡದ್ದು ಕಂಡಿತು. ಸುಧಾ ನಿನ್ನ ಕಡೆ ನೋಡಿ, ಖಾಲಿ ತೂಗುತ್ತಿದ್ದ ರೇಷ್ಮೆ ಚೀಲದ ಕಡೆ ನೋಡಿ, ಕೊನೆಗೆ ನನ್ನ ಕಡೆ ತಿರುಗಿದಳು. "ಅಮ್ಮ, ಎಂತ ಮಾಡ್ದೆ ನೀನು?"

"ಕೈ ತೊಳ್ಕಂಡೇ ಮುಟ್ಟಿದ್ದು," ಎಂದೆ.

ನೀನು ವಸತಿ ಶಾಲೆಗೆ ಹೋಗಲಿಲ್ಲ. ನಮ್ಮೂರಿನ ಶಾಲೆಗೇ ಹೋದೆ. ಈಗ ನಿನಗೆ ಹದಿಮೂರು. ಕಿವಿಯಲ್ಲಿರುವ ಮೆಷಿನ್ ಹುಣಸೆ ಬೀಜದಷ್ಟು, ಫೋನಿನ ಮಾತು ವಯರಿಲ್ಲದೆಯೇ ಅದರೊಳಗೆ ಬಂದು ಬೀಳುತ್ತದೆ. ನಾನು ಅಡುಗೆಮನೆಯಿಂದ ಕೂಗಿದರೆ ನೀನು ಕೋಣೆಯೊಳಗಿಂದಲೇ, ಪುಸ್ತಕದಿಂದ ತಲೆ ಎತ್ತದೆ, "ಕೇಳ್ತು ಅಜ್ಜಿ" ಎನ್ನುತ್ತೀಯ. ನಾನು ಬೇಡಿಕೊಂಡದ್ದೂ ಅದನ್ನೇ.

ಆದರೂ ಒಂದು ಮಾತು ಬರೆದಿಡುತ್ತೇನೆ. ಆಗ ನಾನು ಬಾಯಿ ತೆರೆದರೆ ನೀನು ಆಟ ಬಿಟ್ಟು ಎದ್ದು ಬರುತ್ತಿದ್ದೆ. ನನ್ನ ಗಲ್ಲ ಹಿಡಿದು ನಿನ್ನ ಕಡೆ ತಿರುಗಿಸಿಕೊಂಡು, ಮಾತು ಮುಗಿಯುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಉಪ್ಪು ತಾ ಎಂಬಂಥ ಮಾತಿಗೂ ಅಷ್ಟೇ. ತವರಿನಲ್ಲಿ ನಾನು ಐದನೆಯ ಹೆಣ್ಣು, ಗಂಡನ ಮನೆಯಲ್ಲಿ ಕಿರಿಯ ಸೊಸೆ. ನಿಮ್ಮಜ್ಜ ಒಳ್ಳೆಯವರೇ, ಆದರೆ ಪೇಪರಿನ ಆಚೆಯಿಂದ ಹೂಂಗುಟ್ಟುತ್ತಿದ್ದರು. ನನ್ನ ಮಾತನ್ನು ಹಾಗೆ ನೋಡಿದವರು ಈ ಜನ್ಮದಲ್ಲಿ ನೀನೊಬ್ಬಳೇ, ಅದೂ ಎರಡು ಮೂರು ವರ್ಷ.

ಈಗ ಒಳಗಿಂದ ನೀನು ಕೊಡುವ ಉತ್ತರ ಸರಿಯಾಗಿಯೇ ಇರುತ್ತದೆ. ಒಂದಕ್ಷರವೂ ತಪ್ಪುವುದಿಲ್ಲ. ನಾನು ಮಾತ್ರ ಹೇಳಿದ ಮೇಲೆ ಒಂದು ಗಳಿಗೆ, ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ, ಬಾಗಿಲ ಕಡೆ ನೋಡುತ್ತೇನೆ.